ಅಪ್‌ಗ್ರೇಡಿನಲ್ಲಿ ಮುರಿಯದ ಡೆಬಿಯನ್ ಪ್ಯಾಕೇಜ್

ಮಂಗಳೂರಿನ ಆಫೀಸಿನಲ್ಲಿ ನಾವು ಕಟ್ಟುವ ಡೆಬಿಯನ್ ಪ್ಯಾಕೇಜುಗಳು, ಅಂದರೆ ಡೆಬಿಯನ್ ಲಿನಕ್ಸಿನಲ್ಲಿ ಪ್ರೋಗ್ರಾಂ ಹಾಕಲು ಬೇಕಾದ ಫೈಲುಗಳ ಕಟ್ಟುಗಳು, ಬೈಂದೂರು, ಬೆಳ್ತಂಗಡಿ, ಸುಳ್ಯ ಕಡೆಯ ಸಹಕಾರಿ ಸಂಘಗಳ ಕೌಂಟರ್ ಕಂಪ್ಯೂಟರುಗಳಿಗೆ ಹೋಗುತ್ತವೆ. ಅಲ್ಲಿ ಟರ್ಮಿನಲ್ ತೆರೆದು ಸರಿಮಾಡುವವರು ಯಾರೂ ಇರುವುದಿಲ್ಲ. ಹೊಸ ಯಂತ್ರಕ್ಕೆ ಪ್ಯಾಕೇಜಿನ ಡೆಬ್ ಫೈಲ್ ಹಾಕಿ, ಮೆನುವಿನಲ್ಲಿ ಐಕಾನ್ ಬಂದರೆ ಕೆಲಸ ಆಯಿತು ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ನಂಬುತ್ತಾರೆ. ಹೊಸ ಯಂತ್ರದಲ್ಲಿ ಹೆಚ್ಚಿನ ಪ್ಯಾಕೇಜುಗಳು ತಕರಾರಿಲ್ಲದೆ ಕೂರುತ್ತವೆ. ಹಳೇ ಆವೃತ್ತಿ ಇರುವ, ಯಾರೋ ಸೆಟ್ಟಿಂಗ್ ಬದಲಿಸಿದ, ಅಪ್‌ಗ್ರೇಡಿನ ನಡುವೆ ಕರೆಂಟು ಹೋದ ಯಂತ್ರದಲ್ಲಿ ಪ್ಯಾಕೇಜ್ ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲೇ ನಮ್ಮ ಮುಕ್ಕಾಲು ಶ್ರಮ ಉಂಟು.

ಕಟ್ಟುವ ಭಾಗ ಚಿಕ್ಕದು. ಡೆಬಿಯನ್ ಹೆಸರಿನ ಫೋಲ್ಡರಿನಲ್ಲಿ ಕಂಟ್ರೋಲ್, ಚೇಂಜ್‌ಲಾಗ್, ಕಾಪಿರೈಟ್, ರೂಲ್ಸ್, ಸೋರ್ಸ್ ಫಾರ್ಮ್ಯಾಟ್ ಇಷ್ಟಿದ್ದರೆ ಸಾಕು. ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್‌ನ ಕಂಪ್ಯಾಟ್ 13 ಮಟ್ಟ ಇಟ್ಟುಕೊಂಡರೆ ರೂಲ್ಸ್ ಫೈಲ್ ಮೂರು ಸಾಲಿನದು. ಅದರ ಕೊನೆಯ ಸಾಲಿನ ಮೊದಲು ಟ್ಯಾಬ್ ಇರಬೇಕು, ಸ್ಪೇಸ್ ಹಾಕಿದರೆ ಆ ಫೈಲನ್ನು ಓಡಿಸುವ ಮೇಕ್ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಬಿಲ್ಡ್ ಮಾತ್ರ ಸ್ವಂತ ಡೆಸ್ಕ್‌ಟಾಪಿನಲ್ಲಿ ಬೇಡ, ಎಸ್‌ಬಿಲ್ಡ್‌ನಲ್ಲೇ ಆಗಲಿ. ಅದು ಪ್ರತಿ ಸಲ ಬರಿಯ ಡೆಬಿಯನ್ ಒಂದನ್ನು ಎಬ್ಬಿಸಿ, ಕಂಟ್ರೋಲ್ ಫೈಲಿನ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ ಬರೆದದ್ದನ್ನಷ್ಟೇ ಹಾಕಿ ಕಟ್ಟುತ್ತದೆ. ಗ್ರಾಹಕರಲ್ಲಿರುವ ಅತಿ ಹಳೆಯ ಬಿಡುಗಡೆ ಯಾವುದೋ ಅದರಲ್ಲೇ ಕಟ್ಟಬೇಕು. ಡೆಬಿಯನ್ 13ರಲ್ಲಿ ಕಂಪೈಲ್ ಮಾಡಿದ ಸಿ ಪ್ರೋಗ್ರಾಂ ಅಕ್ಷರಗಳನ್ನು ಸಂಖ್ಯೆಯಾಗಿಸುವ ಒಂದು ಸಾದಾ ಫಂಕ್ಷನ್ ಕರೆದರೂ ಸಿ ಪ್ರೋಗ್ರಾಮುಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.38ನೇ ಆವೃತ್ತಿಯ ಸಿಂಬಲ್ಲಿಗೆ (ಫಂಕ್ಷನ್ನಿನ ಹೆಸರಿಗೆ) ಅಂಟಿಕೊಳ್ಳಬಹುದು. ಡೆಬಿಯನ್ 12ರಲ್ಲಿರುವುದು 2.36. ಅಲ್ಲಿ ಪ್ಯಾಕೇಜ್ ತಂದು ಹಾಕುವ ಆಪ್ಟ್ ಆ ಪ್ಯಾಕೇಜನ್ನು ಒಳಗೇ ಬಿಡುವುದಿಲ್ಲ.

ಓಡಲು ಬೇಕಾದ ಪ್ಯಾಕೇಜುಗಳನ್ನು ಹೇಳುವ ಡಿಪೆಂಡ್ಸ್ ಸಾಲಿನ ಶ್‌ಲಿಬ್ಸ್ ವೇರಿಯಬಲ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದು ಶೇರ್ಡ್ ಲೈಬ್ರರಿಗಳನ್ನಷ್ಟೇ ಪತ್ತೆ ಹಚ್ಚುತ್ತದೆ. ಪ್ರೋಗ್ರಾಂ ಒಳಗಿಂದ ಕರೆಯುವ ಬೇರೆ ಕಮಾಂಡು, ಓಡುವಾಗ ಹೆಸರು ಹಿಡಿದು ಲೋಡ್ ಮಾಡುವ ಪ್ಲಗಿನ್, ಫಾಂಟು ಇವ್ಯಾವುವೂ ಅದಕ್ಕೆ ಕಾಣುವುದಿಲ್ಲ. ಕನ್ನಡ ರಶೀದಿ ಮುದ್ರಿಸುವ ಪ್ರೋಗ್ರಾಮಿಗೆ ಲೋಹಿತ್ ಕನ್ನಡ ಅಥವಾ ನೋಟೊ ಫಾಂಟಿನ ಪ್ಯಾಕೇಜನ್ನು ಕೈಯಾರೆ ಬರೆಯದಿದ್ದರೆ ರಶೀದಿಯಲ್ಲಿ ಖಾಲಿ ಚೌಕಗಳು ಬರುತ್ತವೆ. ನಮ್ಮ ಆಫೀಸಿನ ಪ್ರತಿ ಯಂತ್ರದಲ್ಲೂ ಕನ್ನಡ ಫಾಂಟ್ ಇರುವುದರಿಂದ ಈ ತಪ್ಪು ಇಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ.

ಆವೃತ್ತಿ ಸಂಖ್ಯೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಪ್ರಯೋಗಕ್ಕೆಂದು 2.0ಆರ್‌ಸಿ1 ಎಂದು ಕಳಿಸಿದರೆ, ಯಂತ್ರದಲ್ಲಿ ಪ್ಯಾಕೇಜ್ ಕೂರಿಸುವ ಡಿಪಿಕೆಜಿಯ ಲೆಕ್ಕದಲ್ಲಿ ಅದು 2.0ಗಿಂತ ದೊಡ್ಡದು. ನಿಜವಾದ 2.0 ಬಂದಾಗ ಆ ಯಂತ್ರಗಳು ಅದನ್ನು ತೆಗೆದುಕೊಳ್ಳುವುದಿಲ್ಲ. 2.0~ಆರ್‌ಸಿ1 ಎಂದು ಬರೆಯಬೇಕು, ಟಿಲ್ಡೆ (~) ಚಿಹ್ನೆ ಮುಂದೆ ಏನೂ ಇಲ್ಲದಿರುವುದಕ್ಕಿಂತಲೂ ಚಿಕ್ಕದು. ತಪ್ಪು ಸಂಖ್ಯೆ ಆಗಲೇ ಹೋಗಿದ್ದರೆ ಎಪೋಕ್, ಅಂದರೆ ಉಳಿದೆಲ್ಲಕ್ಕಿಂತ ಮೊದಲು ಹೋಲಿಸುವ ಮುಂಗಡ ಅಂಕಿ, ಹಾಕಲು ಹೊರಡಬೇಡಿ, ಒಮ್ಮೆ ಹಾಕಿದ ಎಪೋಕ್ ಆ ಪ್ಯಾಕೇಜ್ ಇರುವ ತನಕ ಹೋಗುವುದಿಲ್ಲ. 2.0.1 ಬಿಡುಗಡೆ ಮಾಡಿದರೆ ಸಾಕು. ಈ ಹೋಲಿಕೆಯಲ್ಲಿ ಅಕ್ಷರಕ್ಕಿಂತ ಚುಕ್ಕಿ ದೊಡ್ಡದು. ಇನ್ನೊಂದು, ಡೆಬಿಯನ್ 12ಕ್ಕೂ 13ಕ್ಕೂ ಬೇರೆಬೇರೆಯಾಗಿ ಕಟ್ಟುವುದಾದರೆ ಎರಡಕ್ಕೂ 2.0-1 ಎಂದೇ ಇಡಬಾರದು. 2.0-1~ಡೆಬ್12, 2.0-1~ಡೆಬ್13 ಎಂದಿರಲಿ. ಆಗಲೇ ಯಂತ್ರ 13ಕ್ಕೆ ಏರಿದಾಗ ಪ್ಯಾಕೇಜೂ ಜೊತೆಯಲ್ಲಿ ಬದಲಾಗುತ್ತದೆ. ಸಂಶಯ ಬಂದಲ್ಲಿ ಡಿಪಿಕೆಜಿಯ ಕಂಪೇರ್-ವರ್ಷನ್ಸ್ ಆಯ್ಕೆಯಿಂದ ಕೇಳಿ ನೋಡಿ, ಅಂದಾಜು ಬೇಡ.

ಇನ್ನು ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರ್. ಅಲ್ಲಿಗೆ ಹೋಗುವ ಪ್ರತಿ ಫೈಲನ್ನೂ ಡೆಬ್‌ಹೆಲ್ಪರ್ ಕಾನ್ಫ್‌ಫೈಲ್, ಅಂದರೆ ಸ್ಥಳೀಯ ಬದಲಾವಣೆ ಉಳಿಸಬೇಕಾದ ಸೆಟ್ಟಿಂಗ್ ಫೈಲ್, ಎಂದು ಗುರುತಿಸುತ್ತದೆ. ಶಾಖೆಯವರು ಅದರಲ್ಲಿ ಪ್ರಿಂಟರ್ ಹೆಸರು ಬದಲಿಸಿದ್ದಾರೆ, ಹೊಸ ಆವೃತ್ತಿಯಲ್ಲಿ ನಾವೂ ಅದೇ ಫೈಲ್ ತಿದ್ದಿದ್ದೇವೆ ಎನ್ನಿ. ಅಪ್‌ಗ್ರೇಡ್ ನಡುವೆ ಡಿಪಿಕೆಜಿ ನಿಂತು, ಹಳೆಯದು ಉಳಿಯಲೋ ಹೊಸದು ಬರಲೋ ಎಂದು ಕೇಳುತ್ತದೆ. ಉತ್ತರ ಕೊಡುವವರು ಅಲ್ಲಿಲ್ಲ. ತಾನಾಗಿ ನಡೆಯುವ ಅನಟೆಂಡೆಡ್-ಅಪ್‌ಗ್ರೇಡ್ಸ್ ಆದರೆ ಅಂಥ ಪ್ಯಾಕೇಜನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ, ಶಾಖೆ ಹಳೇ ಆವೃತ್ತಿಯಲ್ಲೇ ಉಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು, ಫೈಲುಗಳು ಕೂತ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಿಂದಲೇ ಸೆಡ್ ಕಮಾಂಡ್ ಬಳಸಿ ಕಾನ್ಫ್‌ಫೈಲ್ ತಿದ್ದುವುದು. ಡೆಬಿಯನ್ ಪಾಲಿಸಿ ಇದನ್ನು ನಿಷೇಧಿಸಿದೆ. ಹಾಗೆ ಮಾಡಿದರೆ ಫೈಲ್ ಮುಟ್ಟದವರಿಗೂ ಮುಂದಿನ ಸಲ ಅದೇ ಪ್ರಶ್ನೆ ಏಳುತ್ತದೆ. ನಾವು ಪಾಲಿಸುವ ಕ್ರಮ ಹೀಗೆ: ಮೂಲ ಸೆಟ್ಟಿಂಗುಗಳು ಯುಎಸ್‌ಆರ್ ಶೇರ್ ಕೆಳಗಿನ ಫೈಲಿನಲ್ಲಿ, ಶಾಖೆಯವು ಇಟಿಸಿ ಕೆಳಗೆ ಪ್ಯಾಕೇಜಿಗೆ ಸೇರದ ಪ್ರತ್ಯೇಕ ಫೈಲಿನಲ್ಲಿ. ಪ್ರೋಗ್ರಾಂ ಮೊದಲನೆಯದನ್ನು ಓದಿ, ಅದರ ಮೇಲೆ ಎರಡನೆಯದನ್ನು ಓದುತ್ತದೆ.

ಕರಾವಳಿಯಲ್ಲಿ ಕರೆಂಟಿನ ಲೆಕ್ಕ ಇಟ್ಟುಕೊಂಡೇ ಸ್ಕ್ರಿಪ್ಟ್ ಬರೆಯಬೇಕು. ಮೇ ತಿಂಗಳ ಸಿಡಿಲಿರಲಿ, ಆಟಿ ತಿಂಗಳ ಗಾಳಿಮಳೆ ಇರಲಿ, ಯುಪಿಎಸ್ ಬ್ಯಾಟರಿ ಸತ್ತ ಶಾಖೆಯಲ್ಲಿ ಪೋಸ್ಟ್‌ಇನ್‌ಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಡಿಪಿಕೆಜಿಗೆ ಕಾನ್ಫಿಗರ್ ಆಯ್ಕೆ ಕೊಟ್ಟು ಬಾಕಿ ಇರುವುದೆಲ್ಲ ಮುಗಿಸು ಎಂದರೆ ಅದೇ ಸ್ಕ್ರಿಪ್ಟ್ ಮೊದಲ ಸಾಲಿನಿಂದ ಮತ್ತೆ ಓಡುತ್ತದೆ. ಎಷ್ಟು ಸಲ ಓಡಿದರೂ ಫಲ ಒಂದೇ ಆಗಿರಬೇಕು. ಎಸ್‌ಕ್ಯುಲೈಟ್ ಡೇಟಾಬೇಸಿನ ಟೇಬಲ್ಲಿಗೆ ಕಾಲಂ ಸೇರಿಸುವ ಸಾಲು ಎರಡನೇ ಸಲ ಓಡಿದರೆ ಆ ಕಾಲಂ ಆಗಲೇ ಉಂಟು ಎಂಬ ಎರರ್ ಬಂದು ಪ್ಯಾಕೇಜ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬದಲಾವಣೆಯನ್ನೂ, ಯಾವ ಬದಲಾವಣೆ ಆಗಿದೆ ಎಂದು ಗುರುತಿಡುವ ಯೂಸರ್-ವರ್ಷನ್ ಅಂಕಿ ಏರಿಸುವುದನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಇಡಿ. ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಶಾಖೆಗಳು ಅಪ್‌ಡೇಟ್ ತಪ್ಪಿಸಿಕೊಂಡು 1.6ರಿಂದ ನೇರ 2.1ಕ್ಕೂ ಬರುತ್ತವೆ, ಡಿಪಿಕೆಜಿ ನಡುವಿನ ಆವೃತ್ತಿಗಳಲ್ಲಿ ನಿಲ್ಲುವುದಿಲ್ಲ. ಪೋಸ್ಟ್‌ಇನ್‌ಸ್ಟ್‌ಗೆ ಎರಡನೇ ಆರ್ಗ್ಯುಮೆಂಟಾಗಿ ಬರುವ ಹಳೇ ಆವೃತ್ತಿಯನ್ನು ನೋಡಿ ಹೆಜ್ಜೆಗಳನ್ನು ಕ್ರಮವಾಗಿ ಮಾಡಿ.

ಪ್ಯಾಕೇಜ್ ತೆಗೆಯುವ ಅಥವಾ ಬದಲಿಸುವ ಮೊದಲು ಓಡುವ ಪ್ರಿಆರ್‌ಎಂ ಸ್ಕ್ರಿಪ್ಟ್ ಬಗ್ಗೆ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ ಒಂದಿದೆ. ಅಪ್‌ಗ್ರೇಡಿನಲ್ಲಿ ಮೊದಲು ಓಡುವುದು ಹಳೇ ಪ್ಯಾಕೇಜಿನ ಪ್ರಿಆರ್‌ಎಂ. ಅದರಲ್ಲೇ ದೋಷವಿದ್ದರೆ ಹೊಸ ಪ್ಯಾಕೇಜ್ ಎಷ್ಟು ಚೆನ್ನಾಗಿದ್ದರೂ ಬಾಗಿಲಲ್ಲೇ ನಿಂತಂತೆ. ಆದರೆ ಹಳೆಯದು ಸೋತಾಗ ಡಿಪಿಕೆಜಿ ಹೊಸ ಪ್ಯಾಕೇಜಿನ ಪ್ರಿಆರ್‌ಎಂ ಅನ್ನು ಫೇಲ್ಡ್-ಅಪ್‌ಗ್ರೇಡ್ ಎಂಬ ಆರ್ಗ್ಯುಮೆಂಟಿನೊಂದಿಗೆ ಕರೆಯುತ್ತದೆ. ಆ ಸಂದರ್ಭವನ್ನು ಅಲ್ಲಿ ಸಂಭಾಳಿಸಿ ಸೊನ್ನೆ (ಯಶಸ್ಸಿನ ಸಂಕೇತ) ಹಿಂತಿರುಗಿಸಿದರೆ ಅಪ್‌ಗ್ರೇಡ್ ಮುಂದುವರಿಯುತ್ತದೆ. ಪ್ರತಿ ಯಂತ್ರದ ಎದುರಿಗೆ ಹೋಗಿ ಕೂರುವುದು ತಪ್ಪುತ್ತದೆ.

ಫಾಂಟು, ರಿಪೋರ್ಟ್ ನಮೂನೆಗಳೆಲ್ಲ ಸೇರಿ ಪ್ಯಾಕೇಜ್ ದಪ್ಪವಾದಾಗ ಡೇಟಾವನ್ನು ಬೇರೆ ಮಾಡುವುದು ವಾಡಿಕೆ. ಒಂದೇ ಸೋರ್ಸಿನಿಂದ ಎರಡು ಡೆಬ್ ಮಾಡಿದರೆ ಡೌನ್‌ಲೋಡ್ ಉಳಿಯುವುದಿಲ್ಲ. ಪ್ರತಿ ಬಿಲ್ಡಿನಲ್ಲೂ ಡೇಟಾಕ್ಕೆ ಹೊಸ ಆವೃತ್ತಿ ಸಂಖ್ಯೆ ಬರುತ್ತದೆ, ಆಪ್ಟ್ ಇಡೀ ಫೈಲನ್ನು ಮತ್ತೆ ಎಳೆಯುತ್ತದೆ. ಲೈನು ನಿಧಾನ ಇರುವ ಶಾಖೆಗೆ ಅನುಕೂಲ ಆಗಬೇಕಾದರೆ ಸೋರ್ಸ್ ಪ್ಯಾಕೇಜೇ ಬೇರೆಯಾಗಬೇಕು. ಹಾಗೆ 2.1-1ರಲ್ಲಿ ಫೈಲುಗಳು ಹೊಸ ಪ್ಯಾಕೇಜಿಗೆ ಹೋದರೆ, ಅದರ ಕಂಟ್ರೋಲ್ ಫೈಲಿನಲ್ಲಿ 2.1-1~ಗಿಂತ ಹಳೆಯ ಮೂಲ ಪ್ಯಾಕೇಜಿಗೆ ಬ್ರೇಕ್ಸ್ (ಅದರೊಂದಿಗೆ ಇರಲಾರೆ) ಮತ್ತು ರಿಪ್ಲೇಸಸ್ (ಅದರ ಫೈಲುಗಳನ್ನು ತೆಗೆದುಕೊಳ್ಳುತ್ತೇನೆ) ಎರಡನ್ನೂ ಬರೆಯಿರಿ. ಬರೆಯದಿದ್ದರೆ ಆ ಫೈಲ್ ಇನ್ನೊಂದು ಪ್ಯಾಕೇಜಿನದು ಎಂದು ಡಿಪಿಕೆಜಿ ನಿಲ್ಲಿಸುತ್ತದೆ.

ಕಳಿಸುವ ಮೊದಲು ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್, ಬಳಿಕ ಪಿಯುಪಾರ್ಟ್ಸ್ ಓಡಿಸುತ್ತೇವೆ. ಎರಡನೆಯದು ಹಾಕಿ, ಏರಿಸಿ, ತೆಗೆದು, ಪರ್ಜ್ ಮಾಡಿ (ಸೆಟ್ಟಿಂಗ್ ಸಮೇತ ಅಳಿಸಿ) ಏನು ಉಳಿದಿದೆ ಎಂದು ನೋಡುತ್ತದೆ. ಪರ್ಜ್ ಮಾಡಿದಾಗ ಪ್ರೋಗ್ರಾಮಿನ ಡೇಟಾ ಇರುವ ವಾರ್ ಲಿಬ್ ಕೆಳಗಿನ ಲೆಡ್ಜರ್ ಅಳಿಸಬೇಕೇ ಎಂಬಲ್ಲಿ ನನ್ನ ನಿಲುವು ಗಟ್ಟಿ: ಸಂಘದ ಲೆಕ್ಕವನ್ನು ಯಾವ ಸ್ಕ್ರಿಪ್ಟೂ ಕೇಳದೆ ಅಳಿಸಬಾರದು. ಕೊನೆಯ ಪರೀಕ್ಷೆ ವರ್ಚುವಲ್ ಯಂತ್ರದಲ್ಲಿ. ಎರಡು ಆವೃತ್ತಿ ಹಿಂದಿನ ಸ್ನ್ಯಾಪ್‌ಶಾಟ್ ತೆರೆದು ಅಪ್‌ಗ್ರೇಡ್ ಶುರುಮಾಡಿ, ಪೋಸ್ಟ್‌ಇನ್‌ಸ್ಟ್ ಓಡುವಾಗಲೇ ಕರೆಂಟು ಹೋದಂತೆ ನಿಲ್ಲಿಸುವ ವರ್ಶ್ ಡಿಸ್ಟ್ರಾಯ್ ಕಮಾಂಡ್ ಕೊಟ್ಟು ಯಂತ್ರ ಕೆಡವಬೇಕು. ಮತ್ತೆ ಎಬ್ಬಿಸಿ, ಡಿಪಿಕೆಜಿಗೆ ಆಡಿಟ್ ಆಯ್ಕೆ ಕೊಟ್ಟು ಸ್ಥಿತಿ ನೋಡಿ, ಬಾಕಿ ಕಾನ್ಫಿಗರ್ ಮುಗಿಸಿ, ಒಂದು ಕನ್ನಡ ರಶೀದಿ ಮುದ್ರಿಸಬೇಕು. ಇಷ್ಟಾದ ಮೇಲೂ ಹೊಸ ಆವೃತ್ತಿಯನ್ನು ಹಿಂದೆ ತೆಗೆಯಬೇಕಾಗಿ ಬಂದರೆ ಆಪ್ಟ್ ತಾನಾಗಿ ಕೆಳಗಿಳಿಯುವುದಿಲ್ಲ. ಹಳೇ ಕೋಡನ್ನೇ 2.2+ರಿಯಲಿ2.1-1 ಎಂಬ ದೊಡ್ಡ ಸಂಖ್ಯೆಯಲ್ಲಿ ಕಟ್ಟಿ ಮುಂದಕ್ಕೆ ಕಳಿಸಬೇಕು. ಆ ಹಳೇ ಕೋಡಿಗೆ ಹೊಸ ಟೇಬಲ್ ಓದಲು ಬರುತ್ತದೆಯೇ ಎಂಬುದನ್ನು 2.2 ಹೊರಡುವ ಮೊದಲೇ ಪರೀಕ್ಷಿಸಿ ಇಟ್ಟಿರಬೇಕು.