ಮೀಮ್ ಕಾಯಿನ್ ಕೊಳ್ಳುವ ಮುಂಚೆ ಪೂಲ್‌ನಲ್ಲಿ ಎಷ್ಟು ದುಡ್ಡಿದೆ ನೋಡಿ

ಕ್ರಿಪ್ಟೋ ವಾಲೆಟ್‌ನಲ್ಲಿ ಕಾಣುವ ಮೊತ್ತಕ್ಕೂ, ಮಾರಿದಾಗ ಕೈಗೆ ಬರುವ ಮೊತ್ತಕ್ಕೂ ಅಜಗಜಾಂತರ ಇರಬಹುದು. ಹೊಸ ಮೀಮ್ ಕಾಯಿನ್‌ಗಳಲ್ಲಿ, ಅಂದರೆ ತಮಾಷೆಯ ಚಿತ್ರ ಅಥವಾ ಹೆಸರಿನ ಸುತ್ತ ಹುಟ್ಟಿಸಿದ ಕ್ರಿಪ್ಟೋ ನಾಣ್ಯಗಳಲ್ಲಿ, ಸಣ್ಣ ಹೂಡಿಕೆದಾರರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ವಿಷಯ ಇದೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಒಂದು ಕಾಯಿನ್‌ನ ಒಟ್ಟು ಟೋಕನ್ (ಬಿಡಿ ನಾಣ್ಯ) 100 ಕೋಟಿ ಎಂದಿಟ್ಟುಕೊಳ್ಳಿ. ಅದನ್ನು ಹುಟ್ಟಿಸಿದವರು 1 ಕೋಟಿ ಟೋಕನ್ ಮತ್ತು 10,000 ಡಾಲರ್ ಸೇರಿಸಿ ಲಿಕ್ವಿಡಿಟಿ ಪೂಲ್ ತೆರೆದಿದ್ದಾರೆ, ಅಂದರೆ ಕೊಳ್ಳುವವರೂ ಮಾರುವವರೂ ವಹಿವಾಟು ನಡೆಸುವ ನಿಧಿ. ಹಾಗಾದರೆ ಒಂದು ಟೋಕನ್‌ಗೆ 0.001 ಡಾಲರ್. ಆ್ಯಪ್ ಈ ಬೆಲೆಯನ್ನು 100 ಕೋಟಿಯಿಂದ ಗುಣಿಸಿ, ಮಾರ್ಕೆಟ್ ಕ್ಯಾಪ್ (ಒಟ್ಟು ಮೌಲ್ಯ) 10 ಲಕ್ಷ ಡಾಲರ್ ಎಂದು ತೋರಿಸುತ್ತದೆ. ಪೂಲ್‌ನಲ್ಲಿ ಇರುವುದು ಮಾತ್ರ 10,000 ಡಾಲರ್.

ಯುನಿಸ್ವಾಪ್ ಎಂಬ ಕ್ರಿಪ್ಟೋ ವಿನಿಮಯ ತಾಣದ ಎರಡನೇ ಆವೃತ್ತಿಯಂಥ ಸಾದಾ ಪೂಲ್‌ಗಳಲ್ಲಿ ವಹಿವಾಟಿನ ಮೊದಲೂ ನಂತರವೂ ಟೋಕನ್ ಸಂಖ್ಯೆಯನ್ನು ಡಾಲರ್ ಮೊತ್ತದಿಂದ ಗುಣಿಸಿದರೆ ಬರುವ ಸಂಖ್ಯೆ ಬದಲಾಗಬಾರದು. ಈಗ ಯಾರೋ 1 ಕೋಟಿ ಟೋಕನ್ ಮಾರಿದರು, ಅಂದರೆ ಒಟ್ಟಿನ ಶೇ. 1 ಮಾತ್ರ. ಪೂಲ್‌ನಲ್ಲಿ 2 ಕೋಟಿ ಟೋಕನ್, 5,000 ಡಾಲರ್ ಉಳಿಯಿತು. ಬೆಲೆ 0.00025 ಡಾಲರ್‌ಗೆ ಇಳಿಯಿತು, ಒಂದೇ ಏಟಿಗೆ ಶೇ. 75 ಕುಸಿತ. ಮಾರಿದವರಿಗೆ ಸಿಕ್ಕಿದ್ದು 5,000. ಅವರ ಹಿಂದೆಯೇ ಅಷ್ಟೇ ಟೋಕನ್ ಮಾರುವವರಿಗೆ ಸುಮಾರು 1,667. ಮೂರನೆಯವರಿಗೆ 833. ಶುಲ್ಕ ಬೇರೆ. ಇಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಿ. ವ್ಯವಸ್ಥೆ ಇರುವುದೇ ಹೀಗೆ.

ಮೋಸ ಇದ್ದರಂತೂ ಕೇಳುವುದೇ ಬೇಡ. ಪೂಲ್‌ಗೆ ದುಡ್ಡು ಹಾಕಿದವರಿಗೆ ರಸೀದಿಯ ಹಾಗೆ ಎಲ್‌ಪಿ ಟೋಕನ್ ಸಿಗುತ್ತದೆ. ಅದನ್ನು ಹಿಂತಿರುಗಿಸಿದರೆ ಪೂಲ್‌ನ ಡಾಲರ್ ಅವರ ಕೈ ಸೇರುತ್ತದೆ, ಕೊಂಡವರ ಬಳಿ ಮಾರಲು ಜಾಗವೇ ಇಲ್ಲದ ಟೋಕನ್ ಉಳಿಯುತ್ತದೆ. ರಗ್ ಪುಲ್ ಎಂದರೆ ಇದೇ. ಎಲ್‌ಪಿ ಲಾಕ್ ಆಗಿದೆ, ಅಂದರೆ ನಿಗದಿತ ದಿನದವರೆಗೆ ಹಿಂತಿರುಗಿಸಲಾಗದು ಎಂದು ಹೇಳಿದರೆ ಎಷ್ಟು ದಿನಕ್ಕೆ ಎಂದು ನೋಡಿ. 30 ದಿನದ ಲಾಕ್ 31ನೇ ದಿನ ಏನನ್ನೂ ಕಾಯುವುದಿಲ್ಲ. ಎಲ್‌ಪಿಯನ್ನು ಸುಟ್ಟಿದ್ದರೂ (ಯಾರೂ ಬಳಸಲಾಗದಂತೆ ನಾಶ ಮಾಡಿದ್ದರೂ) ನಿಶ್ಚಿಂತೆಯಿಲ್ಲ: ಹುಟ್ಟಿಸಿದವರ ಬಳಿ ರಾಶಿ ಟೋಕನ್ ಇದ್ದರೆ, ಅದನ್ನು ಮಾರಿಯೇ ಅದೇ ಡಾಲರ್‌ಗಳನ್ನು ಎಳೆದುಕೊಳ್ಳಬಹುದು.

ಹಾಗಾಗಿ ವಹಿವಾಟಿನ ದಾಖಲೆ ತೋರಿಸುವ ಎಕ್ಸ್‌ಪ್ಲೋರರ್ ತಾಣದಲ್ಲಿ ಹೋಲ್ಡರ್‌ಗಳ, ಅಂದರೆ ಟೋಕನ್ ಇಟ್ಟುಕೊಂಡವರ, ಪಟ್ಟಿ ತೆರೆಯಿರಿ. ಪೂಲ್‌ನ ವಿಳಾಸ ಬಿಟ್ಟು ಮೊದಲ 10 ವಾಲೆಟ್‌ಗಳ ಪಾಲು ಕೂಡಿಸಿ. ಪಾಲು ಸಣ್ಣದಾಗಿ ಹರಡಿದಂತೆ ಕಂಡರೂ ಸಾಲದು. ಒಂದೊಂದೇ ವಾಲೆಟ್ ತೆರೆದು, ಅದಕ್ಕೆ ಮೊದಲ ಹಣ ಎಲ್ಲಿಂದ ಬಂತು, ಟೋಕನ್ ಕೊಂಡಿದ್ದು ಯಾವ ಕ್ಷಣದಲ್ಲಿ ಎಂದು ನೋಡಿ. ಹಲವು ವಾಲೆಟ್‌ಗಳಿಗೆ ಒಂದೇ ಮೂಲದಿಂದ ಹಣ ಬಂದು, ಎಲ್ಲವೂ ಒಂದೇ ಬ್ಲಾಕ್‌ನಲ್ಲಿ (ಒಟ್ಟಿಗೆ ದಾಖಲಾದ ವಹಿವಾಟುಗಳ ಕಂತೆಯಲ್ಲಿ) ಕೊಂಡಿದ್ದರೆ ಅದರ ಹಿಂದಿರುವುದು ಬಹುಪಾಲು ಒಂದೇ ಕೈ. ದೊಡ್ಡ ಹೆಸರು ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. 2025ರ ಜನವರಿ 17ರಂದು ಬಂದ ಟ್ರಂಪ್ ಕಾಯಿನ್‌ನಲ್ಲಿ ಶೇ. 80 ಟ್ರಂಪ್ ಜೊತೆ ನಂಟಿರುವ ಕಂಪನಿಗಳ ಪಾಲಿಗಿತ್ತು. ಎರಡೇ ದಿನದಲ್ಲಿ 70 ಡಾಲರ್ ದಾಟಿದ ಬೆಲೆ ಏಪ್ರಿಲ್ ಹೊತ್ತಿಗೆ 10 ಡಾಲರ್‌ಗಿಂತ ಕೆಳಗಿತ್ತು.

ಇನ್ನು ಕಾಂಟ್ರಾಕ್ಟ್, ಅಂದರೆ ಟೋಕನ್ ಹೇಗೆ ನಡೆಯಬೇಕೆಂದು ನಿರ್ಧರಿಸುವ ಪ್ರೋಗ್ರಾಂ. ಸೊಲಾನಾ ಎಂಬ ಕ್ರಿಪ್ಟೋ ಜಾಲದಲ್ಲಾದರೆ ಹುಟ್ಟಿಸಿದವರು ಮಿಂಟ್ ಅಥಾರಿಟಿ, ಫ್ರೀಜ್ ಅಥಾರಿಟಿ ಎಂಬ ಎರಡು ಅಧಿಕಾರಗಳನ್ನೂ ಬಿಟ್ಟುಕೊಟ್ಟಿರಬೇಕು. ಮೊದಲನೆಯದು ಉಳಿದಿದ್ದರೆ ಹೊಸ ಟೋಕನ್ ಸೃಷ್ಟಿಸಬಹುದು, ಎರಡನೆಯದು ಉಳಿದಿದ್ದರೆ ನಿಮ್ಮ ಟೋಕನ್ ಕದಲದಂತೆ ಮಾಡಬಹುದು. ಎಥೀರಿಯಮ್ ಬಗೆಯ ಜಾಲಗಳಲ್ಲಿ ನಿಮ್ಮ ವಾಲೆಟ್ ಮಾರದಂತೆ ಬ್ಲ್ಯಾಕ್‌ಲಿಸ್ಟ್ ಮಾಡುವ, ಮಾರಾಟದ ಟ್ಯಾಕ್ಸ್ (ಕಾಂಟ್ರಾಕ್ಟ್ ಕಡಿತ ಮಾಡಿಕೊಳ್ಳುವ ಪಾಲು) ಏರಿಸುವ ಅಧಿಕಾರ ಯಾರ ಕೈಯಲ್ಲಿದೆ ನೋಡಿ. 2021ರ ನವೆಂಬರ್‌ನಲ್ಲಿ ಸ್ಕ್ವಿಡ್ ಟೋಕನ್ 2,800 ಡಾಲರ್ ದಾಟಿ, ಕೆಲವೇ ನಿಮಿಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಬಿತ್ತು. ಅದಕ್ಕೂ ಮೊದಲೇ ಕೊಂಡವರು ಮಾರಲಾಗುತ್ತಿಲ್ಲ ಎಂದು ದೂರುತ್ತಿದ್ದರು. ಮಾರಾಟದ ಸುಳಿವೇ ಇಲ್ಲದೆ ಏರುತ್ತಲೇ ಇರುವ ಚಾರ್ಟ್ ಕಂಡರೆ ದಯವಿಟ್ಟು ದೂರ ಇರಿ. ಚಿಕ್ಕ ಮೊತ್ತಕ್ಕೆ ಕೊಂಡು ತಕ್ಷಣ ಮಾರಿ ನೋಡುವುದು ಒಳ್ಳೆಯ ಪರೀಕ್ಷೆ. ಆದರೆ ಟ್ಯಾಕ್ಸ್ ಬದಲಿಸುವ ಅಧಿಕಾರ ಉಳಿದಿದ್ದರೆ ಇಂದಿನ ಫಲಿತಾಂಶ ನಾಳೆಗೆ ಅನ್ವಯಿಸುವುದಿಲ್ಲ.

ಹಳೆಯ ಮೀಮ್ ಕಾಯಿನ್ ಆದ ಡೋಜ್‌ಕಾಯಿನ್ ತೋರಿಸಿ ನಿನ್ನೆ ಹುಟ್ಟಿದ ಟೋಕನ್ ಮಾರುವವರ ಮಾತು ಕೇಳಬೇಡಿ. ಅದು 2013ರಿಂದ ಇದೆ, ಅದಕ್ಕೆ ಸ್ವಂತ ಬ್ಲಾಕ್‌ಚೈನ್ (ವಹಿವಾಟು ದಾಖಲಿಸುವ ಜಾಲ) ಇದೆ. ಅಪಾಯ ಅದರಲ್ಲೂ ಇದೆ, ಆದರೆ ಬೇರೆ ಬಗೆಯದು. ಹೆಸರಿನಿಂದ ಹುಡುಕಿ ಕೊಳ್ಳಲೂಬೇಡಿ, ಒಂದೇ ಹೆಸರಿನ ನಕಲಿಗಳು ಬೇಕಾದಷ್ಟಿರುತ್ತವೆ. ಕಾಂಟ್ರಾಕ್ಟ್ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ. ಉಳಿತಾಯ ಇರುವ ವಾಲೆಟ್ ಬೇರೆಯೇ ಇರಲಿ.

ಇಷ್ಟೆಲ್ಲ ನೋಡಿಯೂ ಕೊಳ್ಳುವುದಾದರೆ, ನಿಮ್ಮ ಟೋಕನ್‌ಗಳನ್ನು ಪೂಲ್‌ನಲ್ಲಿರುವ ಟೋಕನ್‌ಗಳೊಂದಿಗೆ ಹೋಲಿಸಿ. ಅವುಗಳ ಶೇ. 1ರಷ್ಟು ನಿಮ್ಮಲ್ಲಿದ್ದರೆ, ಒಮ್ಮೆಗೇ ಮಾರಿದಾಗ ತೋರಿಸಿದ್ದಕ್ಕಿಂತ ಸುಮಾರು ಶೇ. 1 ಕಡಿಮೆ ಸಿಗುತ್ತದೆ. ಶೇ. 10ರಷ್ಟಿದ್ದರೆ ಸುಮಾರು ಶೇ. 9 ಕಡಿಮೆ. ಅದೂ ನಿಮಗಿಂತ ಮುಂಚೆ ಬೇರೆ ಯಾರೂ ಮಾರದಿದ್ದರೆ.