ಒಟ್ಟು ಸೊನ್ನೆ ಬಂದ ರಸೀದಿ

"ಹಾಗಾದ್ರೆ ಅದು ಹೋಗುವುದು ಎಲ್ಲಿಗೆ ಅಕ್ಕ?"

ಮಂಗಳವಾರ ಸಂಜೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ ಪ್ರಶ್ನೆ ಇದು. ಅವತ್ತಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ. ಮಂಗಳೂರಿನ ಜ್ಯೋತಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವಾಗಲೂ ಅದೇ, ರಾತ್ರಿ ಗಂಜಿ ಬಡಿಸುವಾಗಲೂ ಅದೇ.

ಕೆಲಸ ಅಡಿಕೆ ಖರೀದಿಯ ರಸೀದಿಯದ್ದು. ಖರೀದಿ ಮಾಡುವವರ ಕಡೆಯಿಂದ ನಮಗೆ ಎಕ್ಸ್‌ಎಂಎಲ್ ಬರುತ್ತದೆ, ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಗುರುತು ಹಚ್ಚಿದ ಫೈಲು. ಒಂದೊಂದು ಚೀಲಕ್ಕೆ ಒಂದೊಂದು ಎಲಿಮೆಂಟ್, ಅಂದರೆ ಹಾಗೆ ಗುರುತು ಹಚ್ಚಿದ ಒಂದು ತುಂಡು. ಹೊಸ ಅಡಿಕೆಯೋ ಹಳತೋ, ದರ್ಜೆ ಪಟೋರವೋ ಕರಿಗೋಟೋ, ತೂಕ ಎಷ್ಟು, ದರ ಎಷ್ಟು, ಎಲ್ಲ ಅದರಲ್ಲಿ ಉಂಟು. ಅದನ್ನು ಪ್ರಿಂಟ್ ಮಾಡುವ ರಸೀದಿಯಾಗಿ ಬದಲಿಸುವುದು ನಮ್ಮ ಸ್ಟೈಲ್‌ಶೀಟ್, ಎಕ್ಸ್‌ಎಸ್‌ಎಲ್‌ಟಿ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಮ್.

ಪ್ರತಿ ಚೀಲಕ್ಕೂ ಒಂದೇ ಕೆಲಸ ಮಾಡಿಸುವ ಫಾರ್-ಈಚ್ ಒಳಗೆ ಹುಡುಗಿ ಪ್ರತಿ ಚೀಲದ ಮೊತ್ತವನ್ನು ಒಂದು ವೇರಿಯೇಬಲ್‌ಗೆ, ಅಂದರೆ ಬೆಲೆಯೊಂದಕ್ಕೆ ಕೊಟ್ಟ ಹೆಸರಿಗೆ, ಕೂಡಿಸಿದ್ದಳು. ಫಾರ್-ಈಚ್ ಮುಗಿದ ಮೇಲೆ, ಕೆಳಗೆ, ಅದನ್ನೇ ಒಟ್ಟು ಎಂದು ಕೇಳಿದ್ದಳು. ಅಂಥ ವೇರಿಯೇಬಲ್ಲೇ ಇಲ್ಲ ಎಂದು ಎರರ್ ಬಂತು. ನಮ್ಮ ಟೀಮ್ ಲೀಡ್ ಅವಳ ಸ್ಕ್ರೀನ್ ಕಡೆ ಬಗ್ಗಿ ನೋಡಿದರು. "ಮೇಲೆ ಗ್ಲೋಬಲ್ ಮಾಡಿ ಬಿಡು. ಎಕ್ಸ್‌ಎಸ್‌ಎಲ್‌ಟಿ ಹಾಗೇ. ಜಾಸ್ತಿ ತಲೆ ಕೆಡಿಸ್ಬೇಡ" ಎಂದು ಹೇಳಿ ಹೋದರು.

ಅವಳು ಗ್ಲೋಬಲ್ ಮಾಡಿದಳು, ಅಂದರೆ ಎಲ್ಲ ಕಡೆ ಕಾಣುವಂತೆ ಫೈಲಿನ ಮೇಲ್ಗಡೆ ಬರೆದಳು. ಎರರ್ ಹೋಯಿತು. ರಸೀದಿ ಚಂದವಾಗಿ ಬಂತು. ಸಾಲುಗಳೆಲ್ಲ ಸರಿ. ಒಟ್ಟು ಮಾತ್ರ 0.

ನಮ್ಮ ಲೀಡ್ ಕೆಟ್ಟವರಲ್ಲ. ಸರ್ವರ್ ಬಿದ್ದರೆ ಮಧ್ಯರಾತ್ರಿ ಎದ್ದು ಕೂರುವವರು ಅವರೇ. ಆದರೆ ಕಲಿಯುವವರ ಮುಂದೆ "ಅದು ಹಾಗೇ" ಎನ್ನುವ ಅವರ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಮೊದಲಿನ ಎರರ್ ಒಳ್ಳೆಯದಿತ್ತು. ತಪ್ಪು ಎಲ್ಲಿದೆ ಎಂದು ಅದು ಹೇಳುತ್ತಿತ್ತು. ಅವರು ಕೊಟ್ಟ ಉಪಾಯದಿಂದ ಎರರ್ ಮುಚ್ಚಿಹೋಯಿತು, ತಪ್ಪು ಹಾಗೇ ಉಳಿಯಿತು.

ಯಾಕೆ 0 ಬಂತು? ಎಕ್ಸ್‌ಎಸ್‌ಎಲ್‌ಟಿಯಲ್ಲಿ ಒಂದು ವೇರಿಯೇಬಲ್‌ಗೆ ಬೆಲೆ ಕೊಟ್ಟ ಮೇಲೆ ಅದು ಬದಲಾಗುವುದಿಲ್ಲ. ಮೇಲೆ ಗ್ಲೋಬಲ್ ಆಗಿ 'ಒಟ್ಟು' 0 ಎಂದು ಬರೆದರೆ ಅದು ಕೊನೆಯವರೆಗೂ 0. ಫಾರ್-ಈಚ್ ಒಳಗೆ ಅದೇ ಹೆಸರಲ್ಲಿ ಬರೆದದ್ದು ಬೇರೆಯೇ ವೇರಿಯೇಬಲ್. ಅದು ಮೇಲಿನದ್ದನ್ನು ಮರೆ ಮಾಡುತ್ತದೆ, ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಚೀಲದಲ್ಲೂ ಲೆಕ್ಕ ಸೊನ್ನೆಯಿಂದಲೇ ಶುರು. ಸೊನ್ನೆಗೆ ಈ ಚೀಲದ ಮೊತ್ತ ಕೂಡಿತು, ಚೀಲ ಮುಗಿಯಿತು, ಆ ವೇರಿಯೇಬಲ್ಲೂ ಮುಗಿಯಿತು. ಮುಂದಿನ ಚೀಲಕ್ಕೆ ಮತ್ತೆ ಸೊನ್ನೆ.

ಇಷ್ಟು ಹೇಳಿದಾಗಲೇ ಅವಳು ಆ ಪ್ರಶ್ನೆ ಕೇಳಿದ್ದು. ಹಾಗಾದ್ರೆ ಅದು ಹೋಗುವುದು ಎಲ್ಲಿಗೆ? ಕೂಡಿಸಿದ್ದಂತೂ ನಿಜ ಅಲ್ವಾ, ಕೂಡಿಸಿದ್ದು ಎಲ್ಲಿ ಹೋಯಿತು?

ಲೀಡ್ ದೂರದಿಂದ ಕೇಳಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಲಿಯುವ ಕಾಲದಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿದ್ದನ್ನು ನೋಡಿಲ್ಲ.

ಸ್ಕೋಪ್‌ನ ನಿಯಮ, ಅಂದರೆ ವೇರಿಯೇಬಲ್ ಎಲ್ಲಿಂದ ಎಲ್ಲಿಗೆ ಕಾಣುತ್ತದೆ ಎಂಬುದನ್ನು ಹೇಳಲು ಎರಡು ನಿಮಿಷ ಸಾಕು. ಸ್ಟೈಲ್‌ಶೀಟಿನ ಒಂದೊಂದು ಭಾಗಕ್ಕೆ ಟೆಂಪ್ಲೇಟ್ ಎನ್ನುತ್ತಾರೆ. ಟೆಂಪ್ಲೇಟ್ ಒಳಗಿನ ವೇರಿಯೇಬಲ್, ಅದರ ನಂತರ ಅದೇ ಮಟ್ಟದಲ್ಲಿ ಬರುವ ಎಲಿಮೆಂಟ್‌ಗಳಿಗೆ ಮತ್ತು ಅವುಗಳ ಒಳಗಿನವಕ್ಕೆ ಮಾತ್ರ ಕಾಣುತ್ತದೆ. ಅದನ್ನು ಸುತ್ತಿದ ಎಲಿಮೆಂಟ್ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಗ್ಲೋಬಲ್ ಆದರೆ ಫೈಲಿನ ಕೊನೆಯಲ್ಲಿ ಬರೆದರೂ ಎಲ್ಲ ಕಡೆ ಕಾಣುತ್ತದೆ. ಷರತ್ತು ನೋಡಿ ಆರಿಸುವ ಚೂಸ್‌ನ ವೆನ್ ಒಳಗೆ ವೇರಿಯೇಬಲ್ ಇಟ್ಟು ಹೊರಗೆ ಕೇಳಿದರೂ ಇದೇ ಗತಿ. ಅಲ್ಲಿ ತಿರುಗಿಸಿ ಬರೆಯಬೇಕು. ವೇರಿಯೇಬಲ್ ಹೊರಗೆ, ಅದರ ಹೊಟ್ಟೆಯೊಳಗೆ ಇಡೀ ಚೂಸ್. ಪಟೋರವಾದರೆ ಒಂದು ಹೆಸರು, ಕರಿಗೋಟಾದರೆ ಇನ್ನೊಂದು, ಎರಡೂ ಅಲ್ಲದಿದ್ದರೆ ಅದರ್‌ವೈಸ್. ಇದನ್ನು ಅವಳು ಕೂಡಲೇ ಹಿಡಿದಳು.

ಆದರೆ ಅವಳು ಕೇಳಿದ್ದು ನಿಯಮವನ್ನಲ್ಲ, ಕಾರಣವನ್ನು.

ಕಾರಣ ಹಳೆಯದು. ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿ 1.0, ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿಯಿಂದ ಬಂದದ್ದು 1999ರ ನವೆಂಬರ್ 16ರಂದು. ಅದರ ಸಂಪಾದಕ ಜೇಮ್ಸ್ ಕ್ಲಾರ್ಕ್. ಅದಕ್ಕೂ ಮೊದಲು ಇಂಥದ್ದೇ ಕೆಲಸಕ್ಕೆ ಡಿಎಸ್‌ಎಸ್‌ಎಸ್‌ಎಲ್ ಎಂಬ ಭಾಷೆ ಇತ್ತು. ಅದು ಸ್ಕೀಮ್ ಭಾಷೆಯ ದಾರಿಯದ್ದು, ಅದರಲ್ಲೂ ಕೊಟ್ಟ ಬೆಲೆ ಬದಲಾಗುವುದಿಲ್ಲ. ಆ ಗುಣ ಇಲ್ಲಿಗೂ ಬಂತು. ಏನೂ ಬದಲಾಗುವುದಿಲ್ಲ ಎಂದಾದರೆ ಯಾವುದು ಮೊದಲು ಯಾವುದು ಆಮೇಲೆ ಎಂಬ ಚಿಂತೆ ಸ್ಟೈಲ್‌ಶೀಟನ್ನು ಓಡಿಸುವ ಪ್ರೊಸೆಸರ್‌ಗೆ ಇಲ್ಲ. ಬೇಕಾದಾಗ ಮಾತ್ರ ಲೆಕ್ಕ ಹಾಕಬಹುದು. ಮೈಕೆಲ್ ಕೇ ಅವರು ಬರೆದ ಸ್ಯಾಕ್ಸನ್ ಎಂಬ ಪ್ರೊಸೆಸರ್ ಹಾಗೆಯೇ ಮಾಡುತ್ತದೆ, ಬಳಸದ ವೇರಿಯೇಬಲ್‌ನ ಲೆಕ್ಕಕ್ಕೆ ಕೈ ಹಾಕುವುದೇ ಇಲ್ಲ. ಬೇಕಿದ್ದರೆ ಹಲವು ಚೀಲಗಳನ್ನು ಒಟ್ಟಿಗೆ ಮಾಡಬಹುದು. ಫಾರ್-ಈಚ್ ಒಂದರ ಹಿಂದೆ ಒಂದು ಸುತ್ತು ಹಾಕುವ ಲೂಪ್ ಅಲ್ಲ. ಪ್ರತಿ ಚೀಲಕ್ಕೂ ಅದರದ್ದೇ ಕೆಲಸ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳದ್ದು ಪುತ್ತೂರಿನ ಕಡೆ ಊರು, ಮನೆಯಲ್ಲಿ ಅಡಿಕೆ ತೋಟ. ಆಮೇಲೆ ಹೇಳಿದಳು: "ಹಾಗಾದ್ರೆ ನಾಲ್ಕು ತಕ್ಕಡಿಯಲ್ಲಿ ಒಟ್ಟಿಗೆ ತೂಗಿದ ಹಾಗೆ ಅಲ್ವಾ ಅಕ್ಕ? ಪ್ರತಿ ತಕ್ಕಡಿಯವನೂ ಅವನ ಚೀಟಿ ಬರೆದು ಕೊಡ್ತಾನೆ. ಒಟ್ಟು ಮಾಡುವುದು ಚೀಟಿ ಎಲ್ಲ ಸೇರಿದ ಮೇಲೆ."

ಅದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಆಮೇಲೆ ದಾರಿ ಸಲೀಸಾಯಿತು. ಬರೀ ತೂಕದ ಒಟ್ಟು ಬೇಕಾದರೆ ಕೂಡಿಸಿ ಕೊಡುವ ಸಮ್ ಫಂಕ್ಷನ್ ಸಾಕು. ತೂಕವನ್ನು ದರದಿಂದ ಗುಣಿಸಿ ಕೂಡಿಸಬೇಕಾದರೆ, ನಮ್ಮಲ್ಲಿ ಇನ್ನೂ ಓಡುತ್ತಿರುವ 1.0ರಲ್ಲಿ ಟೆಂಪ್ಲೇಟ್ ತನ್ನನ್ನು ತಾನೇ ಕರೆಯಬೇಕು. ಕರೆಯುವಾಗ ಕೈಗೆ ಕೊಡುವ ಬೆಲೆಗೆ ಪ್ಯಾರಮ್ ಎನ್ನುತ್ತಾರೆ. ಉಳಿದ ಚೀಲಗಳು ಒಂದು ಪ್ಯಾರಮ್, ಇಲ್ಲಿಯವರೆಗಿನ ಮೊತ್ತ ಇನ್ನೊಂದು. ಮೊದಲ ಚೀಲದ ಹಣ ಕೂಡಿಸಿ, ಉಳಿದವನ್ನು ಮುಂದಕ್ಕೆ ಕಳಿಸುವುದು. ಚೀಲ ಖಾಲಿಯಾದಾಗ ಮೊತ್ತ ಬರೆಯುವುದು. 2007ರ 2.0ರಲ್ಲಿ ಇದೆಲ್ಲ ಒಂದೇ ಸಾಲು. 2017ರ 3.0ರಲ್ಲಿ ಇಟರೇಟ್ ಉಂಟು, ಒಂದು ಸುತ್ತಿನ ಮೊತ್ತವನ್ನು ಮುಂದಿನ ಸುತ್ತಿಗೆ ದಾಟಿಸಲು. ಸಾವಿರಾರು ಸಾಲಿನ ಫೈಲಿಗೆ 1.0ರ ಈ ದಾರಿ ಕಷ್ಟ, ಎಕ್ಸ್‌ಎಸ್‌ಎಲ್‌ಟಿಪ್ರೊಕ್ ಎಂಬ ಪ್ರೊಸೆಸರ್ ಸುಮ್ಮನೆ ಬಿಟ್ಟರೆ, ಒಂದರೊಳಗೊಂದು ಕರೆಯುವುದನ್ನು 3000 ಆಳಕ್ಕೆ ನಿಲ್ಲಿಸಿಬಿಡುತ್ತದೆ. ಒಬ್ಬ ಬೆಳೆಗಾರನ ರಸೀದಿಗೆ ಆ ಭಯ ಇಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳಿದೆ. ಕರೆದ ಟೆಂಪ್ಲೇಟ್‌ಗೆ ಕರೆದವನ ವೇರಿಯೇಬಲ್ ಕಾಣುವುದಿಲ್ಲ, ಕೈಗೆ ಕೊಟ್ಟದ್ದು ಮಾತ್ರ ಸಿಗುತ್ತದೆ. ಕೊಡುವಾಗ ಅದಕ್ಕೆಂದೇ ಇರುವ ವಿತ್-ಪ್ಯಾರಮ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದರೂ 1.0 ಬಾಯಿ ಬಿಡುವುದಿಲ್ಲ, ಅದನ್ನು ಬದಿಗಿಟ್ಟು ಮುಂದೆ ಹೋಗುತ್ತದೆ. 2.0 ಆದರೆ ಟೆಂಪ್ಲೇಟನ್ನು ಹೆಸರಿನಿಂದ ಕರೆಯುವ ಕಾಲ್-ಟೆಂಪ್ಲೇಟ್‌ನಲ್ಲಿ ಅದನ್ನು ತಪ್ಪು ಎಂದೇ ಹಿಡಿಯುತ್ತದೆ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ನಮ್ಮ ಜಿಲ್ಲೆಯಲ್ಲಿ ಮಾರ್ಕ್ ತೆಗೆಯುವ ಮಕ್ಕಳಿಗೆ ಏನೂ ಕಮ್ಮಿ ಇಲ್ಲ. ಆಫೀಸಿಗೆ ಬರುವವರೆಲ್ಲ ಒಳ್ಳೆ ಮಾರ್ಕಿನವರೇ. ಆದರೆ ಹೆಚ್ಚಿನವರು ಕೇಳುವುದಿಲ್ಲ. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದೆ ಎಂಬ ಹೆದರಿಕೆ. ಸಿಕ್ಕ ಉಪಾಯ ಹಾಕಿ, ಎರರ್ ಹೋದರೆ ಮುಗಿಯಿತು. ಹುಡುಗಿಯರಂತೂ ಎರಡು ಸಲ ಯೋಚಿಸುತ್ತಾರೆ, ಯಾರಾದರೂ ನಕ್ಕರೆ ಎಂದು. ನಮ್ಮ ಲೀಡ್ ನಕ್ಕದ್ದು ಒಂದು ಕ್ಷಣ ಇರಬಹುದು. ಅವಳ ಕಿವಿಗೆ ಅದು ಎಷ್ಟು ದೊಡ್ಡದಾಗಿ ಕೇಳಿತೋ ಏನೋ. ಮರುದಿನ ಅವರಿಗೆ ನಾನು ಇದನ್ನು ಹೇಳಿಯೇ ಬಿಟ್ಟೆ. "ಕೆಲಸ ಮುಗಿಯಬೇಕಲ್ಲ ಮಾರಾಯ್ತಿ" ಎಂದರು. ಮುಗಿದಿರಲಿಲ್ಲವಲ್ಲ! ಒಟ್ಟು 0 ಎಂದಿದ್ದ ರಸೀದಿ ಹಾಗೇ ಹೋಗಿದ್ದರೆ, ಅದನ್ನು ಮೊದಲು ಕಾಣುತ್ತಿದ್ದದ್ದು ಅವಳ ಅಪ್ಪನಂಥ ಯಾರೋ ಒಬ್ಬರು. ಅವರು ರಸೀದಿ ಕೈಗೆ ಬಂದ ಕೂಡಲೇ ಕೆಳಗಿನ ಸಾಲು ನೋಡುತ್ತಾರೆ, ಆಮೇಲೆ ಮೊಬೈಲಿನಲ್ಲಿ ಸ್ವತಃ ಕೂಡಿಸಿ ನೋಡುತ್ತಾರೆ ಎಂದು ಅವಳೇ ಹೇಳಿದ್ದು.

ಗುರುವಾರ ಅವಳ ಸ್ಟೈಲ್‌ಶೀಟ್ ಸರಿಯಾದ ಮೊತ್ತ ಕೊಟ್ಟಿತು. ಈಗ ಪ್ರತಿ ದರ್ಜೆಗೂ ಬೇರೆ ಬೇರೆ ಒಟ್ಟು ಬೇಕು ಎಂದು ಕೇಳಿದ್ದಾರೆ. ಪಟೋರದ್ದು ಎಷ್ಟು, ಕರಿಗೋಟಿನದ್ದು ಎಷ್ಟು. 2.0ರಲ್ಲಿ ಗುಂಪು ಮಾಡಲು ಫಾರ್-ಈಚ್-ಗ್ರೂಪ್ ಇದೆ, 1.0ರಲ್ಲಿ ಅದಿಲ್ಲ. ಸ್ಟೀವ್ ಮ್ಯೂಂಚ್ ಅವರ ಹೆಸರಲ್ಲಿ ಕರೆಯುವ ವಿಧಾನ ಬೇಕು, ಕೀ, ಅಂದರೆ ಹುಡುಕಲು ಒಂದು ಸೂಚಿ, ಹಾಕಿ ಗುಂಪು ಮಾಡುವುದು. ಸೋಮವಾರ ಅದಕ್ಕೆ ಕೂರೋಣ ಎಂದಿದ್ದೇನೆ. "ಕೀ ಎಲ್ಲಿಂದ ಎಲ್ಲಿಗೆ ಕಾಣ್ತದೆ ಅಕ್ಕ?" ಎಂದು ಅವಳು ಈಗಲೇ ಕೇಳಿದ್ದಾಳೆ.