ಪ್ರಿಫೆಚರ್ ಬಂದ್ ಮಾಡಿ ನೋಡಿದ ಮಧ್ಯಾಹ್ನ

‘ಸರ, ಪ್ರಿಫೆಚರ್ ಪೂರಾ ಬಂದ್ ಮಾಡಿ ನೋಡೋಣೇನ್ರಿ?’ ಆಳಂದ ಕಡೆಯ ಆ ಹುಡುಗ ಕೇಳಿದ್ದು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಲ್ಯಾಬ್ ಖಾಲಿಯಾಗಿದ್ದ ಹೊತ್ತಿನಲ್ಲಿ. ಪ್ರಿಫೆಚರ್ ಅಂದರೆ ಪ್ರೊಸೆಸರ್ ಕೇಳುವ ಮೊದಲೇ ಡೇಟಾ ತಂದಿಡುವ, ಅದರೊಳಗಿನದೇ ಒಂದು ಭಾಗ. ಪಾಠದಲ್ಲಿ ಕೇಳಿದ್ದನ್ನು ಯಂತ್ರದಲ್ಲೇ ನೋಡುವ ಹಟ ಅವನದು. ಇಂಥ ಹುಡುಗರು ಸಿಕ್ಕರೆ ನನಗೆ ಊಟ ಬೇಡ.

ಡೇಟಾ ಎಲ್1 ಕ್ಯಾಶಿನಲ್ಲಿದ್ದರೆ, ಅಂದರೆ ಪ್ರೊಸೆಸರಿಗೆ ತೀರಾ ಹತ್ತಿರದ ಪುಟ್ಟ ವೇಗದ ಮೆಮೊರಿಯಲ್ಲಿದ್ದರೆ, ನಾಲ್ಕೈದು ಸೈಕಲ್‌ಗಳಲ್ಲಿ (ಪ್ರೊಸೆಸರಿನ ಗಡಿಯಾರದ ಬಡಿತಗಳಲ್ಲಿ) ಸಿಗುತ್ತದೆ. ರ್‍ಯಾಮ್‌ವರೆಗೆ ಹೋಗಬೇಕಾಗಿ ಬಂದರೆ ಇನ್ನೂರರ ಆಚೆಗೂ ಹೋಗುತ್ತದೆ. ಮುಂದೆ ಬೇಕಾಗುವ 64 ಬೈಟಿನ ಸಾಲುಗಳನ್ನು ಅಂದಾಜಿನ ಮೇಲೆ ಮೊದಲೇ ಕ್ಯಾಶಿಗೆ ತಂದಿಡುವುದು ಪ್ರಿಫೆಚರ್ ಕೆಲಸ.

ನಮ್ಮ ಇಂಟೆಲ್ ಯಂತ್ರದಲ್ಲಿ ಒಟ್ಟು ನಾಲ್ಕು ಪ್ರಿಫೆಚರ್, ಬಂದ್-ಚಾಲೂ ಮಾಡಲು ಒಂದೊಂದಕ್ಕೆ ಒಂದೊಂದು ಬಿಟ್. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ, ಲಾಗಿನ್ ಆಗಿ ನಾಲ್ಕನ್ನೂ ಬಂದ್ ಮಾಡಿದೆವು. ದೊಡ್ಡ ಅರೇಯನ್ನು (ಮೆಮೊರಿಯಲ್ಲಿ ಪಕ್ಕಪಕ್ಕ ಇಟ್ಟ ಸಂಖ್ಯೆಗಳನ್ನು) ಸಾಲಾಗಿ ಕೂಡಿಸುವ ಪ್ರೋಗ್ರಾಮಿಗೆ ತಗಲುವ ಸಮಯ ದುಪ್ಪಟ್ಟು ದಾಟಿತು. ಆದರೆ ಮೆಮೊರಿಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಲಿಂಕ್ಡ್ ಲಿಸ್ಟಿಗೆ (ಒಂದೊಂದು ತುಣುಕು, ಅಂದರೆ ನೋಡ್, ಮುಂದಿನದರ ವಿಳಾಸ ಹಿಡಿದಿರುವ ಸರಪಳಿಗೆ) ಹೆಚ್ಚುಕಡಿಮೆ ಮೊದಲಿನಷ್ಟೇ ಸಮಯ. ‘ಇದಕ್ಕ್ಯಾಕ ಏನೂ ಆಗವಲ್ದು ಸರ?’ ಅಂದ. ಮುಂದಿನ ನೋಡ್ ಎಲ್ಲಿದೆ ಅನ್ನುವುದು ಈಗಿನ ನೋಡ್ ಓದಿದ ಮೇಲೆಯೇ ತಿಳಿಯುವುದು. ಅಲ್ಲಿ ಊಹೆಗೆ ಹಿಡಿಯಲು ಏನೂ ಇಲ್ಲ.

ಹೀಗೆ ಊಹೆ ನಡೆಯದ ಕಡೆ ಏನು ಮಾಡಬೇಕು? ನಮ್ಮ ಖಾನಾವಳಿಯಲ್ಲಿ ಬಡಿಸುವವರು ತಾಟು ನೋಡಿ ಜೋಳದ ರೊಟ್ಟಿ ತರುತ್ತಾರೆ. ತಡವಾದರೆ ಉಣ್ಣುವವ ಕೈ ಒಣಗಿಸಿಕೊಂಡು ಕೂಡಬೇಕು, ಬೇಡವಾದದ್ದು ತಂದರೆ ಪಲ್ಯಕ್ಕೆ ಜಾಗ ಇರುವುದಿಲ್ಲ. ಶ್ರೀನಾಥ್, ಮುತ್ಲು, ಕಿಮ್, ಪ್ಯಾಟ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಿಫೆಚರಿಗೆ ಈ ಕಣ್ಣು ಕೊಟ್ಟಿತು. ತಂದದ್ದರಲ್ಲಿ ಬಳಕೆಯಾದದ್ದೆಷ್ಟು, ತಡವಾಗಿ ಬಂದದ್ದೆಷ್ಟು, ಕ್ಯಾಶಿನಿಂದ ಬೇಕಾದದ್ದನ್ನು ಹೊರದಬ್ಬಿದ್ದೆಷ್ಟು ಎಂದು ಹಾರ್ಡ್‌ವೇರೇ ಲೆಕ್ಕ ಇಡುತ್ತದೆ. ಲೆಕ್ಕ ಚೆನ್ನಾಗಿದ್ದರೆ ಇನ್ನೂ ಮುಂದಕ್ಕೆ ಕೈಚಾಚುತ್ತದೆ, ಕೆಟ್ಟರೆ ಕೈ ಹಿಡಿತ ಮಾಡುತ್ತದೆ. ತಪ್ಪು ಊಹೆಗೆ ದಂಡ ತೆರುವುದು ಮೆಮೊರಿಯ ಬ್ಯಾಂಡ್‌ವಿಡ್ತ್, ಅಂದರೆ ಡೇಟಾ ಸಾಗಿಸುವ ಅದರ ಸಾಮರ್ಥ್ಯ. ಪ್ರೊಸೆಸರಿನ ಹಲವು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಅದೇ ಮೆಮೊರಿಯನ್ನು ಹಂಚಿಕೊಂಡಿರುವಾಗ ಒಬ್ಬನ ದುರಾಸೆ ಪಕ್ಕದವನಿಗೆ ಕುತ್ತು. ನನ್ನ ಮಟ್ಟಿಗೆ ಜಾಣ ಊಹೆಗಿಂತ ಈ ಸ್ವಂತ ಲೆಕ್ಕಪತ್ರವೇ ದೊಡ್ಡ ಸಾಧನೆ.

ಸಂಜೆಯ ಹೊತ್ತಿಗೆ ಹುಡುಗ ಅದೇ ಲಿಸ್ಟಿನ ನೋಡ್‌ಗಳನ್ನು ಒಂದರ ಪಕ್ಕ ಒಂದು ಬರುವಂತೆ ಮರುಜೋಡಿಸಿದ. ನಾಲ್ಕೂ ಪ್ರಿಫೆಚರ್ ಮತ್ತೆ ಚಾಲೂ ಮಾಡಿ ಓಡಿಸಿದೆವು. ನೋಡ್‌ಗಳ ಕ್ರಮ ಅದೇ, ಸಂಖ್ಯೆಗಳೂ ಅವೇ, ಆದರೆ ವೇಗ ಅರೇಯ ಸಮೀಪಕ್ಕೆ ಬಂದಿತ್ತು. ‘ನಾಳೆ ಅರ್ಧ ಜೋಡಿಸಿ, ಅರ್ಧ ಚೆಲ್ಲಿ ನೋಡ್ತೀನ್ರಿ ಸರ’ ಅಂದವನೇ ಕೋಡ್ ಪೆನ್ ಡ್ರೈವಿಗೆ ಹಾಕಿಕೊಂಡ.